ಕೀಬೋರ್ಡಿನೊಳಗೇ ಕಂಪ್ಯೂಟರ್: ಹೊಲದ ಲೆಕ್ಕಕ್ಕೆ ಇದು ಬೇಕೇನ್ರಿ?

ಈ ವಾರ ಬೆಳೆ, ಗೊಬ್ಬರದ ಮಾತು ಸ್ವಲ್ಪ ಬದಿಗಿಡೋಣ.

ಹೋದ ತಿಂಗಳು ಮುಂಡರಗಿ ಕಡೆಯ ಯುವ ರೈತರೊಬ್ಬರು ಫೋನ್ ಮಾಡಿದ್ದರು. "ಅಣ್ಣಾರ, ಯೂಟ್ಯೂಬ್‌ನ್ಯಾಗ ಒಂದು ಕೀಬೋರ್ಡ್ ತೋರಸ್ತಾರ. ಟಿವಿಗೆ ಹಚ್ಚಿದ್ರ ಅದ ಕಂಪ್ಯೂಟರ್ ಆಗ್ತೈತಂತ. ನಿಮ್ಮ ಕಡೆ ಒಂದೈತಂತಲ್ಲ, ತೊಗೊಳ್ಳೇನು?" ಅಂತ ಕೇಳಿದರು. ಐತಿ, ನಾಲ್ಕೈದು ವರ್ಷದಿಂದ ಐತಿ. ಉಪಯೋಗವೂ ಆಗಿದೆ. ಆದರೆ ಅದನ್ನು ನಂಬಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ, ಅದರ ಪೆಟ್ಟು ನನಗಿಂತ ಹೆಚ್ಚು ಬೇರೆಯವರಿಗೆ ಬಿತ್ತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಏನು?

ನೋಡಲಿಕ್ಕೆ ಸಾದಾ ಕೀಬೋರ್ಡ್. ಮದರ್‌ಬೋರ್ಡ್, ಮೆಮೊರಿ, ವೈ-ಫೈ ಎಲ್ಲ ಅದರ ಹೊಟ್ಟೆಯೊಳಗೇ ಇರುತ್ತವೆ. ಹಿಂದಿನ ಅಂಚಿನಲ್ಲಿ ವೈರ್ ಚುಚ್ಚುವ ಜಾಗ. ಹೆಸರು ರಾಸ್‌ಬೆರಿ ಪೈ 400. ಇಂಗ್ಲೆಂಡಿನ ಕೇಂಬ್ರಿಜ್‌ನ ಕಂಪನಿ ಇದನ್ನು 2020ರ ನವೆಂಬರ್‌ನಲ್ಲಿ ಹೊರತಂದಿತು. ಬರೀ ಕೀಬೋರ್ಡ್ ಆದರೆ 70 ಡಾಲರ್. ಮೌಸ್, ಅಡಾಪ್ಟರ್, ಟಿವಿ ಕೇಬಲ್, ಸಾಫ್ಟ್‌ವೇರ್ ತುಂಬಿದ ಮೆಮೊರಿ ಕಾರ್ಡ್, ಕಲಿಯುವವರಿಗೊಂದು ಪುಸ್ತಕ ಸೇರಿದ ಕಿಟ್ ಆದರೆ 100 ಡಾಲರ್. ಅದರಲ್ಲಿ 4 ಜಿಬಿ ಮೆಮೊರಿ ಇದೆ. 2024ರ ಡಿಸೆಂಬರ್‌ನಲ್ಲಿ ಬಂದ ಪೈ 500ರಲ್ಲಿ 8 ಜಿಬಿ ಇದೆ, ವೇಗವೂ ಹೆಚ್ಚು. ಅದು ಬಂದಾಗ ಕಿಟ್ ದರ 120 ಡಾಲರ್ ಇತ್ತು. 2025ರಲ್ಲಿ ಪೈ 500 ಪ್ಲಸ್ ಅಂತ ಇನ್ನೊಂದು ಬಂತು. ನಮ್ಮ ಕೆಲಸಕ್ಕೆ ಅಷ್ಟು ದೊಡ್ಡದು ಬೇಡ. ಇವೆಲ್ಲ ಬಿಡುಗಡೆ ದಿನದ ದರ. ಮೆಮೊರಿ ಚಿಪ್ ದರ ಏರಿದಂಗ ಇವೂ ಏರುತ್ತವೆ, ತೆರಿಗೆ, ಸಾಗಣೆ ಸೇರಿ ನಮ್ಮ ಕೈಗೆ ಬರೋದರೊಳಗ ಮತ್ತಷ್ಟು ಆಗುತ್ತದೆ. ಕೊಳ್ಳುವ ದಿನ ಎರಡು ಮೂರು ಕಡೆ ಕೇಳಿ ನೋಡ್ರಿ.

ಕೀಬೋರ್ಡಿನೊಳಗೆ ಕಂಪ್ಯೂಟರ್ ಇಡುವುದು ಹೊಸ ಐಡಿಯಾ ಏನಲ್ಲ. 1981ರ ಬಿಬಿಸಿ ಮೈಕ್ರೊ ಹೀಗೇ ಇತ್ತು, ಅದನ್ನು ಮಾಡಿದ ಕಂಪನಿಯೂ ಕೇಂಬ್ರಿಜ್‌ನದೇ. ನಮ್ಮ ಕೇಂದ್ರ ಸರ್ಕಾರ 1984-85ರಲ್ಲಿ 'ಕ್ಲಾಸ್' ಎಂಬ ಯೋಜನೆ ಶುರು ಮಾಡಿ ಆಯ್ದ ಪ್ರೌಢಶಾಲೆಗಳಿಗೆ ಕೊಟ್ಟಿದ್ದು ಅದೇ ಮೆಷಿನ್. ನಮ್ಮ ರಾಜ್ಯದಲ್ಲೂ ಅಗ್ಗದ ಕಂಪ್ಯೂಟರ್ ಮಾಡುವ ಪ್ರಯತ್ನ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಒಂದು ಸಾಫ್ಟ್‌ವೇರ್ ಕಂಪನಿಯ ಜೊತೆ ಸೇರಿ 2001ರ ಹೊತ್ತಿಗೆ 'ಸಿಂಪ್ಯೂಟರ್' ರೂಪಿಸಿದರು. ಅಂಗೈಯಲ್ಲಿ ಹಿಡಿಯುವಂಥದ್ದು, ಹಳ್ಳಿ ಜನರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದು ಹಳ್ಳಿ ಮುಟ್ಟುವುದರೊಳಗೆ ಮೊಬೈಲ್ ಬಂತು.

ಮೊಬೈಲ್ ಇದ್ದ ಮೇಲೆ ಇದ್ಯಾಕ?

ಸರಿಯಾದ ಪ್ರಶ್ನೆ. ದರ ನೋಡಲಿಕ್ಕೆ, ಹವಾಮಾನ ನೋಡಲಿಕ್ಕೆ, ರೋಗದ ಎಲೆ ಫೋಟೋ ಕಳಿಸಲಿಕ್ಕೆ ಫೋನ್ ಬಿಟ್ಟರೆ ಬೇರೆ ಇಲ್ಲ. ಆದರೆ ಆರು ಇಂಚಿನ ಪರದೆಯಲ್ಲಿ ಒಂದು ವರ್ಷದ ಹೊಲದ ಲೆಕ್ಕ ಬರೆದು ನೋಡ್ರಿ. ಹತ್ತು ಕಾಲಂ ಇರುವ ಪಟ್ಟಿ, ನಾಲ್ಕುನೂರು ಸಾಲು. ಬೆರಳಿನಲ್ಲಿ ಸರಿಸಿ ಸರಿಸಿ ಬೇಸರವಾಗಿ ಎರಡನೇ ವಾರಕ್ಕೆ ಬಿಟ್ಟುಬಿಡುತ್ತೀರಿ. ನಾನೂ ಎರಡು ಸಲ ಬಿಟ್ಟಿದ್ದೆ.

ಸಾವಯವ ಮಾಡುವವರಿಗೆ ಈ ಲೆಕ್ಕ ಬಿಡುವಂತಿಲ್ಲ. ನಮ್ಮದು ಪಿಜಿಎಸ್-ಇಂಡಿಯಾ ಪದ್ಧತಿಯ ಗುಂಪು, ಲಕ್ಷ್ಮೇಶ್ವರ-ಶಿರಹಟ್ಟಿ ನಡುವಿನ ಅಕ್ಕಪಕ್ಕದ ಹಳ್ಳಿಗಳ ಏಳು ಮನೆ. ಪಿಜಿಎಸ್ ಅಂದರೆ ಕನಿಷ್ಠ 5 ರೈತರು ಕೂಡಿ ಗುಂಪು ಕಟ್ಟಬೇಕು, ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ಪರಿಶೀಲಿಸಬೇಕು. ಹೊರಗಿನ ತಪಾಸಣೆ ಕಂಪನಿಗೆ ಫೀಸು ಕಟ್ಟುವುದು ತಪ್ಪುತ್ತದೆ. ಅದರ ಬದಲಿಗೆ ಯಾವ ದಿನ ಏನು ಹಾಕಿದಿರಿ, ಎಲ್ಲಿಂದ ತಂದಿರಿ ಅನ್ನುವುದಕ್ಕೆ ಬರಹ ಇರಲೇಬೇಕು. ಏಳು ಮನೆಯ ಬರಹವನ್ನು ಒಂದು ಕಡೆ ಇಡಲಿಕ್ಕೇ ನಾನು ಪೈ 400 ತಂದಿದ್ದು.

ಜೋಡಿಸುವುದು

ಹತ್ತು ನಿಮಿಷದ ಕೆಲಸ. ಕಾರ್ಡ್ ಹಿಂದಿನ ಸಂದಿಗೆ ಹಾಕಿ, ಮೌಸ್ ಚುಚ್ಚಿ, ಟಿವಿಗೆ ಕೇಬಲ್ ಹಾಕಿ, ಕೊನೆಗೆ ಅಡಾಪ್ಟರ್. ಇಂಟರ್‌ನೆಟ್‌ಗೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಸಾಕು. ಆದರೂ ಕೆಲವು ಮಾತು ಮೊದಲೇ ಗೊತ್ತಿರಲಿ.

ಟಿವಿಗೆ ಎಚ್‌ಡಿಎಂಐ ಜಾಗ ಇರಬೇಕು. ಹಳೇ ಡಬ್ಬಿ ಟಿವಿಗೆ ನೇರವಾಗಿ ಹತ್ತುವುದಿಲ್ಲ, ಕನ್ವರ್ಟರ್ ಹಾಕಿದರೂ ಅಕ್ಷರ ಓದಲಿಕ್ಕೆ ಬರುವುದಿಲ್ಲ. ಕೀಬೋರ್ಡಿನ ಕಡೆಯ ಜಾಗ ಚಿಕ್ಕದು, ಅದು ಮೈಕ್ರೊ ಎಚ್‌ಡಿಎಂಐ. ಪೇಟೆಯ ಸಾದಾ ಕೇಬಲ್ ಕೂಡುವುದಿಲ್ಲ. ಹೆಡ್‌ಫೋನ್ ತೂತೂ ಇಲ್ಲ, ಧ್ವನಿ ಟಿವಿಯಿಂದ ಬರಬೇಕು, ಇಲ್ಲಾ ಬ್ಲೂಟೂತ್. ಪೈ 400ಕ್ಕೆ 5 ವೋಲ್ಟ್ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಕೈಗೆ ಸಿಕ್ಕ ಮೊಬೈಲ್ ಚಾರ್ಜರ್ ಹಚ್ಚಿದರೆ ನಡುವೆ ನಡುವೆ ಬಂದ್ ಆಗುತ್ತದೆ, ಆಮೇಲೆ ಮೆಷಿನ್ ಕೆಟ್ಟದ್ದು ಅಂತ ಬೈತೀರಿ. ಇನ್ನೊಂದು, ಇದರಲ್ಲಿ ಬ್ಯಾಟರಿ ಇಲ್ಲ. ಈ ಮಾತು ನೆನಪಿಡ್ರಿ, ಮುಂದೆ ಬೇಕಾಗುತ್ತದೆ.

ಕನ್ನಡ ಬರೆಯಲಿಕ್ಕೆ ಮೊದಲು ಫಾಂಟ್ ಹಾಕಿಕೊಳ್ಳಬೇಕು. ಇದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಸಾಫ್ಟ್‌ವೇರ್ ಸೇರಿಸುವ ಮೆನುವಿನಲ್ಲಿ ಹುಡುಕಿದರೆ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ವಿನ್ಯಾಸ ಆರಿಸಿಕೊಳ್ರಿ. ಅಂದರೆ ನುಡಿಯಲ್ಲಿ ಬರೆದ ಹಾಗೆಯೇ, ಕೆ.ಪಿ. ರಾವ್ ಅವರ ಕೀಲಿಮಣೆ ತರ್ಕದ್ದು. ಪಂಚಾಯ್ತಿ, ತಹಶೀಲ್ದಾರ್ ಕಚೇರಿಯಲ್ಲಿ ಕೆಲಸ ಮಾಡಿದ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಇದು ಬಂದೇ ಬರುತ್ತದೆ. ಉಳಿದವರಿಗೆ ಒಂದು ವಾರ ಬೇಕು.

ಉಳ್ಳಾಗಡ್ಡಿ, ಈರುಳ್ಳಿ

ಲೆಕ್ಕ ಬರೆಯಲು ಲಿಬ್ರೆ ಆಫೀಸ್ ಕ್ಯಾಲ್ಕ್ ಸಾಕು, ಎಕ್ಸೆಲ್ ಇದ್ದ ಹಾಗೇ ಇದೆ, ರೊಕ್ಕ ಕೊಡುವಂತಿಲ್ಲ. ನನ್ನ ಪಟ್ಟಿಯ ಕಾಲಂ ಇಷ್ಟು: ದಿನಾಂಕ, ಯಾರ ಹೊಲ, ಸರ್ವೆ ನಂಬರ್, ಬೆಳೆ, ಕೆಲಸ, ಹಾಕಿದ್ದು ಏನು, ಎಷ್ಟು, ಎಲ್ಲಿಂದ ತಂದಿದ್ದು, ಆಳು, ಕೂಲಿ. ಒಂದು ಕೆಲಸಕ್ಕೆ ಒಂದು ಸಾಲು. ಒಂದೇ ಸಾಲಿನಲ್ಲಿ "ಕಸ ತೆಗೆದು ಜೀವಾಮೃತ ಬಿಟ್ಟೆವು" ಅಂತ ಕೂಡಿಸಿ ಬರೆದರೆ ಆಮೇಲೆ ಬಿಡಿಸಲಿಕ್ಕೆ ಬರುವುದಿಲ್ಲ.

ಮೊದಲ ಹಂಗಾಮಿನಲ್ಲಿ ಒಂದು ತಮಾಷೆ ಆಯಿತು. ವರ್ಷದ ಕೊನೆಗೆ ಬೆಳೆವಾರು ಖರ್ಚು ತೆಗೆದರೆ ನಮ್ಮ ಗುಂಪು ಬೆಳೆಯದ ಬೆಳೆಗಳೆಲ್ಲ ಪಟ್ಟಿಯಲ್ಲಿ ಕುಂತಿದ್ದವು. ನಾನು 'ಈರುಳ್ಳಿ' ಅಂತ ಬರೆದಿದ್ದೆ, ತಮ್ಮ 'ಉಳ್ಳಾಗಡ್ಡಿ' ಅಂತ ಬರೆದಿದ್ದ, ಇನ್ನೊಬ್ಬರು 'ಉಳ್ಳಿಗಡ್ಡಿ' ಅಂತ. ಕಂಪ್ಯೂಟರಿಗೆ ಅವು ಮೂರು ಬೇರೆ ಬೇರೆ ಬೆಳೆ! ನನ್ನ ತೋಟಗಾರಿಕೆ ಡಿಗ್ರಿ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಇದಕ್ಕೆ ಉಪಾಯ ಇದೆ. ಡೇಟಾ ಮೆನುವಿನಲ್ಲಿ ವ್ಯಾಲಿಡಿಟಿ ಅಂತ ಇರುತ್ತದೆ. ಅಲ್ಲಿ ಬೆಳೆಗಳ ಪಟ್ಟಿ ಒಮ್ಮೆ ಕೊಟ್ಟರೆ ಮುಂದೆ ಬರೆಯುವಂತಿಲ್ಲ, ಆರಿಸಿದರಾಯಿತು. ನಾವು ಉಳ್ಳಾಗಡ್ಡಿ ಅಂತಲೇ ಇಟ್ಟೆವು.

ಪಟ್ಟಿ ಸರಿಯಾದ ಮೇಲೆ ಗೊತ್ತಾದದ್ದು ಹೇಳ್ತೀನಿ. ನನ್ನ ಮಸಾರಿ ಹೊಲದಲ್ಲಿ ಒಂದೊಂದು ಎಕರೆಯ ಎರಡು ತುಂಡು, ಎರಡಕ್ಕೂ ಕೂರಿಗೆಯಲ್ಲಿ ಉಳ್ಳಾಗಡ್ಡಿ ಬಿತ್ತಿದ್ದೆ. ಮೊದಲನೇ ತುಂಡಿಗೆ ಕಸ ತೆಗೆಯಲು ಎಷ್ಟು ಆಳು ಹೋದವು ಅಂತ ಯಾರಾದರೂ ಕೇಳಿದ್ದರೆ "ಇಪ್ಪತ್ತರ ಮ್ಯಾಲೆ ಎರಡು" ಅಂತಿದ್ದೆ. ಪಟ್ಟಿ ಹೇಳಿದ್ದು 14, 15, 9, ಒಟ್ಟು 38 ಆಳು. 300 ರೂಪಾಯಿ ಕೂಲಿಯಂತೆ 11,400. ಎರಡನೇ ತುಂಡಿಗೆ 21 ಆಳು, 6,300 ರೂಪಾಯಿ. ಒಂದೇ ಮಣ್ಣು, ಒಂದೇ ಬೀಜ, ಮತ್ತ್ಯಾಕ ಇಷ್ಟು ಫರಕು? ದಿನಾಂಕದ ಕಾಲಂ ನೋಡಿದಾಗ ತಿಳಿಯಿತು. ಎರಡನೇ ತುಂಡಿಗೆ ಬಿತ್ತಿದ 18ನೇ ದಿನ ಎಡೆಕುಂಟಿ ಹೊಡೆದಿದ್ದೆ. ಮೊದಲನೇದಕ್ಕೆ ಮಳೆ ಹಿಡಿದು 27ನೇ ದಿನ ಆಗಿತ್ತು. ಉಳ್ಳಾಗಡ್ಡಿ ಸಸಿ ಮೊದಲ ವಾರಗಳಲ್ಲಿ ಬಹಳ ನಿಧಾನ, ಎಲೆಯ ನೆರಳೂ ಇಲ್ಲ, ಅಷ್ಟರೊಳಗೆ ಕಸ ಮೇಲೆದ್ದರೆ ಆಮೇಲೆ ಕುಂಟಿಗೆ ಬಗ್ಗುವುದಿಲ್ಲ, ಕೈಯಿಂದಲೇ ಕೀಳಬೇಕು. ಇದನ್ನು ನಾನು ಅರಭಾವಿ ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. 5,100 ರೂಪಾಯಿ ಫರಕು ಕಣ್ಣಿಗೆ ಬಿದ್ದ ಮೇಲೆ ನಂಬಿದೆ. ಈಗ ಎರಡು ದಿನ ಬಿಡುವು ಸಿಕ್ಕರೂ ಸಾಕು, ಬಾಡಿಗೆ ಎತ್ತು ತಂದಾದರೂ ಎಡೆ ಹೊಡೆಸುತ್ತೇನೆ.

ಕಳಕೊಂಡದ್ದು

ಎರಡನೇ ವರ್ಷ, ಹಸ್ತ ಮಳೆ. ಸಂಜೆ ಗುಡುಗು ಮಿಂಚು, ಕರೆಂಟ್ ಮೂರು ನಾಲ್ಕು ಸಲ ಹೋಗಿ ಬಂತು. ನಾನು ಬರೆಯುತ್ತ ಕುಂತಿದ್ದೆ. ಬ್ಯಾಟರಿ ಇಲ್ಲದ ಮೆಷಿನ್, ನಮ್ಮ ಮನೆಯಲ್ಲಿ ಆಗ ಯುಪಿಎಸ್ ಇರಲಿಲ್ಲ. ಅದೂ ಅಲ್ಲದೆ ನನಗೊಂದು ಕೆಟ್ಟ ಚಟ ಇತ್ತು, ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡದೆ ನೇರ ಗೋಡೆಯ ಸ್ವಿಚ್ಚೇ ಆರಿಸುತ್ತಿದ್ದೆ. ಇದರಲ್ಲಿ ಎಲ್ಲ ಇರುವುದು ಆ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡಿನ ಒಳಗಿನ ಜೋಡಣೆ ಕೆಡುತ್ತದೆ. ಅವತ್ತು ಕೆಟ್ಟಿತು. ಮರುದಿನ ಮೆಷಿನ್ ಏಳಲೇ ಇಲ್ಲ.

ಹುಬ್ಬಳ್ಳಿಗೆ ಒಯ್ದು ತೋರಿಸಿದೆ. ಅಷ್ಟಿಷ್ಟು ಫೈಲ್ ಸಿಕ್ಕವು, ನಮ್ಮ ಪಟ್ಟಿ ಸಿಗಲಿಲ್ಲ. ಮಿರಗದಿಂದ ಹಸ್ತದವರೆಗೆ ಏಳು ಮನೆಯ ನಾಲ್ಕು ತಿಂಗಳ ಬರಹ. ಇನ್ನೊಂದು ಕಡೆ ನಕಲು ಇಟ್ಟಿರಲಿಲ್ಲ.

ಆರು ಮನೆಯದನ್ನು ಹೇಗೋ ಕೂಡಿಸಿದೆವು. ವಾಟ್ಸ್ಯಾಪ್‌ನಲ್ಲಿ ಕಳಿಸಿದ ಹೊಲದ ಫೋಟೋಗಳ ದಿನಾಂಕ, ಬೇವಿನ ಹಿಂಡಿಯ ರಸೀದಿ, ಕೂಲಿ ಕೊಟ್ಟ ಚೀಟಿ, ಗೋಡೆ ಕ್ಯಾಲೆಂಡರಿನ ಗುರುತು. ಏಳನೇಯವರು ನಮ್ಮ ಗುಂಪಿನ ಹಿರಿಯರು, ನಾವೆಲ್ಲ ಕಾಕಾ ಅಂತೇವೆ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಾದಾ ಫೋನ್. ರಾತ್ರಿ ನನಗೆ ಫೋನ್ ಹಚ್ಚಿ "ಇವತ್ತ ಇಂಥಾದ್ದು ಮಾಡೀನಪಾ, ಬರಕೋ" ಅನ್ನುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅವರ ಕಡೆ ಒಂದು ಚೀಟಿಯೂ ಇರಲಿಲ್ಲ, ಯಾಕಂದರೆ ಬರೆದಿಡುವ ಕೆಲಸ ನಂದು ಅಂತ ನಾನೇ ಹೇಳಿದ್ದೆ.

ಬರಹ ಇಲ್ಲದ ಹೊಲಕ್ಕೆ ಗುಂಪು ಸಹಿ ಹಾಕುವಂತಿಲ್ಲ. ಹಾಕಿದರೆ ಉಳಿದ ಆರೂ ಮನೆಯ ಪ್ರಮಾಣಪತ್ರಕ್ಕೆ ಬೆಲೆ ಇರುವುದಿಲ್ಲ. ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಕಾಕಾನೇ ಹೇಳಿದರು: "ನನ್ನ ಹೊಲಕ್ಕ ವಿಷ ಬಿದ್ದಿಲ್ಲ ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಕಾಗದಕ್ಕ ಗೊತ್ತಿಲ್ಲ. ಈ ಸಲ ನನ್ನ ಬಿಡ್ರಿ." ಆ ವರ್ಷ ಅವರ ಮೆಣಸಿನಕಾಯಿ ಸಾದಾ ಮಾಲಿನ ಜೊತೆ, ಸಾದಾ ದರಕ್ಕೆ ಹೋಯಿತು. ಫರಕಿನ ರೊಕ್ಕ ಕೊಡಲು ಹೋದೆ, ತೊಗೊಳ್ಳಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಈಗ ಏನು ಮಾಡುತ್ತೇವೆ

ಶಟ್‌ಡೌನ್ ಮಾಡದೆ ಸ್ವಿಚ್ ಮುಟ್ಟುವುದಿಲ್ಲ. ಪೈ 400ರಲ್ಲಿ ಎಫ್‌ಎನ್ ಕೀಲಿ ಹಿಡಿದು ಎಫ್10 ಒತ್ತಿದರೆ ಬಂದ್ ಮಾಡುವ ದಾರಿ ಬರುತ್ತದೆ, ಪೈ 500ರಲ್ಲಿ ಅದಕ್ಕೆ ಬೇರೆ ಗುಂಡಿಯೇ ಇದೆ. ಟಿವಿ ಮತ್ತು ಮೆಷಿನ್ ಎರಡನ್ನೂ ಮನೆಯ ಇನ್ವರ್ಟರ್ ಲೈನಿಗೆ ಹಾಕಿಸಿದ್ದೇನೆ. ಪೈ ತಿನ್ನುವ ಕರೆಂಟ್ ಬಹಳ ಕಡಿಮೆ, ಅಡಾಪ್ಟರೇ 15 ವ್ಯಾಟಿಂದು.

ಎರಡನೇದಾಗಿ, ಮೆನುವಿನಲ್ಲಿ ಎಸ್‌ಡಿ ಕಾರ್ಡ್ ಕಾಪಿಯರ್ ಅಂತ ಒಂದು ಸಾಧನ ಇದೆ. ಯುಎಸ್‌ಬಿ ಕಾರ್ಡ್ ರೀಡರಿನಲ್ಲಿ ಇನ್ನೊಂದು ಕಾರ್ಡ್ ಹಾಕಿ ಓಡಿಸಿದರೆ ಇಡೀ ಕಾರ್ಡಿನ ಪಡಿಯಚ್ಚು ಸಿಗುತ್ತದೆ. ಇದು ತಿಂಗಳಿಗೊಮ್ಮೆ. ಪಟ್ಟಿಯ ಫೈಲ್ ಮಾತ್ರ ಪ್ರತಿ ಸಲ ಬರೆದ ಕೂಡಲೇ ಪೆನ್‌ಡ್ರೈವ್‌ಗೆ ಒಂದು, ಗುಂಪಿನ ವಾಟ್ಸ್ಯಾಪ್‌ಗೆ ಒಂದು. ವಾಟ್ಸ್ಯಾಪ್‌ಗೆ ಹಾಕಿದರೆ ಆರು ಫೋನಿನಲ್ಲಿ ಆರು ನಕಲು, ಅದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ.

ಮೂರನೇದು ಕಾಗದ. ತಿಂಗಳಿಗೊಮ್ಮೆ ಲಕ್ಷ್ಮೇಶ್ವರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಆಯಾ ಮನೆಯವರು ಓದಿ ಸಹಿ ಮಾಡುತ್ತಾರೆ. ಕಂಪ್ಯೂಟರ್ ತಂದ ಮೇಲೂ ಕಾಗದ ಯಾಕೆ ಅಂತ ನಗಬೇಡಿ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದವರು ಹಾಳೆಯ ಮೇಲಿನ ಲೆಕ್ಕ ನಂಬಿಯೇ ಸಾಲ ಕೊಟ್ಟು ತೊಗೊಂಡವರು.

ವೈರ್ ಜೋಡಿಸುವ ಆಸೆ ಇದ್ದವರಿಗೆ

ಪೈ ಹಿಂದೆ 40 ಪಿನ್ನಿನ ಒಂದು ಸಾಲು ಇದೆ. ಸೆನ್ಸರ್ ಹಚ್ಚುವುದು ಅಲ್ಲಿಗೇ. ಹುಡುಗರು ಮೊದಲು ಮಣ್ಣಿನ ತೇವದ ಸೆನ್ಸರ್ ತರುತ್ತಾರೆ. ಅದನ್ನು ತರಬೇಡಿ. ಅಗ್ಗದ ತೇವದ ಸೆನ್ಸರ್ ಕೊಡುವುದು ಏರಿಳಿಯುವ ವೋಲ್ಟೇಜು, ಪೈಗೆ ಅದನ್ನು ನೇರ ಓದಲಿಕ್ಕೆ ಬರುವುದಿಲ್ಲ, ನಡುವೆ ಇನ್ನೊಂದು ಚಿಪ್ ಬೇಕು. ಹೊಲದ ನಡುವೆ ಇದನ್ನು ಇಡಲಿಕ್ಕೂ ಆಗದು. ಅಂಥ ಕೆಲಸಕ್ಕೆ ಬ್ಯಾಟರಿಯಲ್ಲಿ ನಡೆಯುವ ಇಎಸ್‌ಪಿ32 ತರಹದ ಸಣ್ಣ ಬೋರ್ಡ್ ಬೇರೆ ಇವೆ. ಎರಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡಿ ಕಟ್ಟಿ ನೋಡುವುದು ಸದ್ಯಕ್ಕೆ ಸಾಕು.

ಶುರು ಮಾಡಲು ಉಷ್ಣತೆಯ ಸೆನ್ಸರ್ ಒಳ್ಳೆಯದು, ಹೆಸರು ಡಿಎಸ್18ಬಿ20. ನೀರು ಹೋಗದ ಸ್ಟೀಲ್ ಕೊಳವೆಯಲ್ಲಿ ಬರುವುದನ್ನೇ ತೊಗೊಳ್ರಿ. ಮೂರು ವೈರ್: ಒಂದು 3.3 ವೋಲ್ಟ್ ಪಿನ್ನಿಗೆ, ಒಂದು ಗ್ರೌಂಡಿಗೆ, ಮಾಹಿತಿ ವೈರ್ 7ನೇ ಪಿನ್ನಿಗೆ. ಮಾಹಿತಿ ಮತ್ತು 3.3 ವೋಲ್ಟ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್. ಸೆಟ್ಟಿಂಗ್‌ನಲ್ಲಿ ಒನ್-ವೈರ್ ಚಾಲೂ ಮಾಡಿದರೆ ಓದಲಿಕ್ಕೆ ಶುರು ಮಾಡುತ್ತದೆ. ಈ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟಿನ ಸಂಕೇತ ಕೊಟ್ಟರೆ ಸುಟ್ಟು ಹೋಗುತ್ತವೆ. ಬೋರ್‌ವೆಲ್ ಸ್ಟಾರ್ಟರನ್ನು ಇದರಿಂದ ಚಾಲೂ ಮಾಡುತ್ತೇನೆ ಅಂತ ಯಾರೂ ಹೋಗಬೇಡಿ. ತ್ರೀ ಫೇಸ್ ಕರೆಂಟ್ ಜೊತೆ ಆಟ ಆಡುವುದು ಹವ್ಯಾಸದ ಕೆಲಸ ಅಲ್ಲ.

ನಾನು ಆ ಸೆನ್ಸರನ್ನು ಹಿತ್ತಲಿನ ಎರೆಗೊಬ್ಬರದ ಗುಂಡಿಗೆ ಇಟ್ಟೆ. ಮೊದಲು ಸಗಣಿ, ಕಸ ತುಂಬಿ ಹದಿನೈದು ದಿನಕ್ಕೇ ಹುಳು ಬಿಡುತ್ತಿದ್ದೆ, ಅರ್ಧ ಹುಳು ಅಂಚಿಗೆ ಬಂದು ಸಾಯುತ್ತಿದ್ದವು. ಮೇಲೆ ಕೈಯಿಟ್ಟರೆ ತಣ್ಣಗೇ ಇತ್ತು. ಸೆನ್ಸರ್ ಒಂದಡಿ ಒಳಗೆ ತೋರಿಸಿದ್ದು 46 ಡಿಗ್ರಿ! ಈಗ 30ರ ಕೆಳಗೆ ಇಳಿಯುವವರೆಗೆ ಕಾಯುತ್ತೇನೆ, ನಡುವೆ ಎರಡು ಸಲ ತಿರುವಿ ನೀರು ಚಿಮುಕಿಸುತ್ತೇನೆ.

ಹಾಗಾದರೆ ತೊಗೊಳ್ಳಬೇಕೋ ಬೇಡವೋ?

ಬರೀ ಲೆಕ್ಕ ಬರೆಯುವುದಾದರೆ, ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಬಿದ್ದಿದ್ದರೆ ಇದು ಬೇಡ, ಅದನ್ನೇ ರಿಪೇರಿ ಮಾಡಿಸ್ರಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ನನ್ನ ಕತೆ ನಿಮಗೆ ಆಗುವುದಿಲ್ಲ. ಟಿವಿ ಇಲ್ಲದಿದ್ದರೆ ಮಾನಿಟರ್ ಖರ್ಚೂ ಸೇರಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ದರಕ್ಕೇ ಬಂದು ನಿಲ್ಲುತ್ತದೆ. ಕಿಯೋನಿಕ್ಸ್ ಕೂಡ 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮಿಟ್‌ನಲ್ಲಿ 'ಕಿಯೋ' ಎಂಬ ಅಗ್ಗದ ಕಂಪ್ಯೂಟರ್ ತೋರಿಸಿತು, ಆಗ ಹೇಳಿದ ದರ 18,999 ರೂಪಾಯಿ. ಅದು ಕೀಬೋರ್ಡಿನೊಳಗಿನದಲ್ಲ, ಸಣ್ಣ ಪೆಟ್ಟಿಗೆ. ನಾನು ಬಳಸಿಲ್ಲ.

ಎಚ್‌ಡಿಎಂಐ ಟಿವಿ ಇದೆ, ಮನೆಯಲ್ಲಿ ಎಂಟು ಒಂಬತ್ತನೇ ಇಯತ್ತೆಯ ಮಕ್ಕಳಿದ್ದಾರೆ, ನಿಮಗೂ ವೈರು, ಸೆನ್ಸರಿನ ಹುಚ್ಚಿದೆ ಅಂದರೆ ತೊಗೊಳ್ರಿ. ಸ್ಕ್ರ್ಯಾಚ್, ಪೈಥಾನ್ ಕಲಿಯಲು ಬೇಕಾದದ್ದೆಲ್ಲ ಇದರಲ್ಲಿ ಪುಕ್ಕಟೆ ಸಿಗುತ್ತದೆ. ಮಕ್ಕಳು ಏನು ಕೆಡಿಸಿದರೂ ಕಾರ್ಡ್ ಬದಲಿಸಿದರೆ ಮತ್ತೆ ಹೊಸದು, ಅದಕ್ಕೇ ಮಕ್ಕಳದು ಒಂದು ಕಾರ್ಡ್, ಹೊಲದ್ದು ಒಂದು ಕಾರ್ಡ್ ಬೇರೆ ಇಡ್ರಿ. ಒಬ್ಬರಿಗೆ ಭಾರ ಅನ್ನಿಸಿದರೆ ಐದಾರು ಮನೆ ಕೂಡಿ ಒಂದು ತರಬಹುದು. ನಮ್ಮ ಎರಿ ಹೊಲದ ಧೂಳಿಗೆ ಮೇಲೊಂದು ಬಟ್ಟೆ ಮುಚ್ಚಿಡ್ರಿ, ಇಲಿ ಇದ್ದರೆ ಕೇಬಲ್ ಬಿಚ್ಚಿ ಎತ್ತಿಡ್ರಿ.

ನಮ್ಮ ಗುಂಪು ಈಗ ಅಮಾವಾಸ್ಯೆಗೆ ಕೂಡುತ್ತದೆ, ಅವತ್ತು ಹೇಗೂ ಎತ್ತು ಹೂಡುವುದಿಲ್ಲ. ಕಾಕಾ ಒಂದು ಪಾಕೆಟ್ ಡೈರಿ ತರುತ್ತಾರೆ, ಅವರ ಮೊಮ್ಮಗಳು ಅದನ್ನು ನೋಡಿ ಕಗಪದಲ್ಲಿ ಟೈಪ್ ಮಾಡುತ್ತಾಳೆ, ನನಗಿಂತ ಜೋರು. ಮುಗಿದ ಮೇಲೆ ಕಾಕಾ ಟಿವಿ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ತಮ್ಮ ಸಾಲುಗಳನ್ನು ಬೆರಳಿಟ್ಟು ಓದುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ಪ್ರತಿ ಸಲ ಒಂದೇ ಮಾತು ಕೇಳುತ್ತಾರೆ: "ಇನ್ನೊಂದು ಕಡೆ ಇಟ್ಟಿ?"